ರಕ್ತದ ಗುಳಿಗೆ ಎಂದಿದ್ದೆ

ಸುವರ್ಣಾ, ‘ಅಕ್ಕ ನನ್ನ ಜೀವ ಉಳಿಸಿದಳು’ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯ. ಅದು ಅರ್ಧ ಸುಳ್ಳು. ಆ ಜೀವವನ್ನು ಮೊದಲು ಸಾವಿನ ಬಾಗಿಲಿಗೆ ತಳ್ಳಿದವಳೂ ನಾನೇ.

ನಿನ್ನ ತೋಳಿನ ಮಚ್ಚೆ ಕುಷ್ಠರೋಗದ್ದು ಎಂದು ಗೋಕಾಕದ ಡಾಕ್ಟರು ಹೇಳಿದಾಗ ನೀನು ಅಳಲಿಲ್ಲ; ಅತ್ತವಳು ನಾನು. ನೀನು ಕಣಗಲಾಕ್ಕೆ ಸೊಸೆಯಾಗಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುಳಿಗೆಯಿಂದ ಪೂರ್ತಿ ವಾಸಿಯಾಗುತ್ತದೆ ಎಂದು ಅವರು ಎಷ್ಟು ಹೇಳಿದರೂ ನನ್ನ ತಲೆಯಲ್ಲಿದ್ದುದು ಒಂದೇ — ನಿನ್ನ ಅತ್ತೆಗೆ ಗೊತ್ತಾದರೆ?

“ಅತ್ತೀಗೆ ಹೇಳೂಣೇನಕ್ಕಾ?” ಎಂದು ನೀನು ಕೇಳಿದೆ. “ಹುಚ್ಚಿ, ಬಾಯಿ ಮುಚಗೊಂಡ ಇರು” ಅಂದೆ. ಹೊಸ ಸೊಸೆಗೆ ರಕ್ತ ಕಮ್ಮಿ ಎಂದು ಗುಳಿಗೆ ನುಂಗಿಸುವುದು ನಮ್ಮಲ್ಲಿ ಮನೆಮನೆಯ ಕಥೆ, ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ನಿನ್ನ ಗುಳಿಗೆಗಳನ್ನೆಲ್ಲ ಬಿಡಿಸಿ ರಕ್ತದ ಗುಳಿಗೆಯ ಡಬ್ಬಿಗೆ ತುಂಬಿಕೊಟ್ಟೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ತಿಂಗಳು ಕಳೆಯಿತು. ಜ್ವರ, ಮೈತುಂಬ ಕೆಂಪು ದದ್ದು. ನಿನ್ನ ಅತ್ತೆ ನಿನ್ನನ್ನು ಹುಕ್ಕೇರಿಯ ದವಾಖಾನೆಗೆ ಕರೆತಂದಿದ್ದರು. ನಾನು ಮೂಡಲಗಿಯಿಂದ ಓಡಿ ಬಂದೆ. “ಮೊದಲಿಂದ ಏನರ ಗುಳಿಗಿ ತಗೋತಾರೇನ್ರಿ?” ಎಂದು ಡಾಕ್ಟರು ಕೇಳಿದರು. ನಿನಗೆ ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ. ಬಾಜೂಕ್ಕೆ ನಿನ್ನ ಅತ್ತೆ ನಿಂತಿದ್ದರು.

“ಬರೇ ರಕ್ತದ ಗುಳಿಗಿರಿ” ಅಂದೆ.

ಜ್ವರ ಬಂದರೆ, ದದ್ದು ಎದ್ದರೆ ಗುಳಿಗೆ ನಿಲ್ಲಿಸಿ ಕೂಡಲೇ ಬನ್ನಿ ಎಂದು ಗೋಕಾಕದಲ್ಲಿ ನನಗೆ ಹೇಳಿದ್ದರು. ಮರೆತಿದ್ದೆ ಎಂದು ಬರೆಯಬಹುದಿತ್ತು — ಇಲ್ಲ, ಮರೆತಿರಲಿಲ್ಲ.

ಹುಕ್ಕೇರಿಯಲ್ಲಿ ಬರೀ ಜ್ವರದ ಔಷಧಿ ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ನಿನ್ನ ಅತ್ತೆ, ಹುಡುಗಿ ಸೊರಗಿದ್ದಾಳೆ, ರಕ್ತದ ಗುಳಿಗೆ ತಪ್ಪಬಾರದು ಎಂದು ತಮ್ಮ ಕೈಯಾರೆ ನಿನಗೆ ನುಂಗಿಸಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೋಡುತ್ತಲೇ ಇದ್ದೆ...

ಮರುದಿನ ನಿನ್ನ ಕಣ್ಣು ಅರಿಶಿನದಂತೆ ಹಳದಿಯಾಯಿತು, ತುಟಿ ಸುಲಿಯಿತು. ಅತ್ತೆ ಮತ್ತೆ ಡಬ್ಬಿ ತೆರೆದರು. ಆಗ ಕಸಿದುಕೊಂಡೆ. “ಇದು ರಕ್ತದ್ದಲ್ರಿ ಅತ್ತಿ, ಕುಷ್ಠರೋಗದ್ದು! ಇದ ಆಕಿನ್ನ ಕೊಲ್ಲಾಕತ್ತೈತಿ!”

ನಿನ್ನನ್ನು ತವರಿಗೆ ಅಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ಮಗನಿಗೆ ಗಾಡಿ ತರಲು ಕೂಗಿದರು. ನನ್ನತ್ತ ತಿರುಗಿ, “ರೋಗ ಮುಚ್ಚಿದ್ದಕ್ಕ ಸಿಟ್ಟಿಲ್ಲ ಯವ್ವಾ. ನನ್ನ ಕೈಲೆ ಆಕೀಗೆ ವಿಷ ಹಾಕಿಸಿದೆಲ್ಲ, ಅದಕ್ಕ ಬೈತೇನಿ. ಈಗಲ್ಲ, ಮೊದಲ ಆಕಿನ್ನ ಎತ್ತು” ಅಂದರು.

ಆಮೇಲೆಯೂ ಅವರು ಬೈಯಲಿಲ್ಲ. ಹುಕ್ಕೇರಿಯಲ್ಲಿ ನಾನು ಆಡಿದ ಮಾತನ್ನು ನಿನಗೆ ಹೇಳಲೂ ಇಲ್ಲ.

ಡ್ಯಾಪ್ಸೋನ್ ಎಂಬ ಒಂದು ಗುಳಿಗೆ ನಿನ್ನ ಮೈಗೆ ಒಗ್ಗಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಅದನ್ನು ಕಾಯಂ ನಿಲ್ಲಿಸಿದರು. ಹಳೆಯ ಚರ್ಮ ಹಾಳೆಹಾಳೆಯಾಗಿ ಉದುರಿತು, ಒಳಗಿಂದ ಹೊಸದು ಬಂತು. ಬೇರೆ ಔಷಧಿಯಿಂದ ಕುಷ್ಠವೂ ಪೂರ್ತಿ ಹೋಯಿತು. ನೀನು ಎರಡನ್ನೂ ಗೆದ್ದೆ, ನನ್ನ ಹುಲಿ! ಈಗ ಊರೂರಿನ ಸಭೆಗಳಲ್ಲಿ ಎದ್ದು ನಿಂತು, “ನನಗ ಕುಷ್ಠರೋಗ ಆಗಿತ್ತು, ವಾಸಿ ಆಗೇತಿ. ಡಾಕ್ಟರ್ ಮುಂದ ಯಾವ ಗುಳಿಗೀನೂ ಮುಚ್ಚಿಡಬ್ಯಾಡ್ರಿ” ಎನ್ನುತ್ತೀಯಲ್ಲ, ಆಗ ಸಂತೋಷಕ್ಕೆ ನನ್ನ ಎದೆ ಬಿರಿಯುತ್ತದೆ. ಆದರೆ ಕೊನೆಗೆ ನನ್ನತ್ತ ಕೈ ತೋರಿಸಿ, “ನಮ್ಮಕ್ಕ ಹೇಳಿದ್ದಕ್ಕ ಉಳದೇನಿ” ಅನ್ನುತ್ತೀಯ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ನಾಚಿಕೆಯಿಲ್ಲದೆ ಕೈ ಮುಗಿಯುತ್ತೇನೆ.

ನಾಡಿದ್ದು ಕಲ್ಲೋಳಿಯ ಸಭೆಯಲ್ಲಿ ನನ್ನತ್ತ ಕೈ ತೋರಿಸಬೇಡ, ಮೈಕು ಕೊಡು. ಡಾಕ್ಟರು ಕೇಳಿದರು, ನಾನು ಸುಳ್ಳು ಹೇಳಿದೆ, ಆದರೂ ನನ್ನ ತಂಗಿ ಸಾಯಲಿಲ್ಲ — ಇಷ್ಟನ್ನು ಎಲ್ಲರೆದುರು ನಾನೇ ಹೇಳುತ್ತೇನೆ.