ರಾಕ್ಷಸ ಸೇನೆಗೆ ಸವರಿದ ಎಣ್ಣೆ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟೋ ಸಲ. ಕಣ್ಣಿನ ಆಪರೇಷನ್ ಆಗಲಿ ಎಂದೆ. ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಎರಡೂ ಆದವು. ಇನ್ನು ಹೇಳಿಕೊಳ್ಳಲು ನೆಪವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನೂ ನನ್ನ ಸೋದರತ್ತೆಯ ಮಗನೂ ಹೈಸ್ಕೂಲು ಮುಗಿಸಿ ತಿಪಟೂರಿನ ಒಂದೇ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕಿದ್ದೆವು. ನನ್ನ ಊರು ತುರುವೇಕೆರೆ ಕಡೆ. ಕೆಲಸಕ್ಕೆಂದು ಬಂದವನು ಅತ್ತೆಯ ಮನೆಯಲ್ಲೇ ಉಳಿದಿದ್ದೆ. ಅವನೂ ನಾನೂ ಒಂದೇ ವಯಸ್ಸಿನವರು, ಒಂದೇ ಚಾಪೆಯ ಮೇಲೆ ಮಲಗುವವರು.

ನಮಗೊಂದು ಹುಚ್ಚಿತ್ತು. ಹಳೆಯ ಬಾಗಿಲೊಂದನ್ನು ಕೊಬ್ಬರಿ ಮೂಟೆಗಳ ಮೇಲೆ ಮಲಗಿಸಿ ಅದನ್ನು ರಣರಂಗ ಮಾಡಿಕೊಂಡಿದ್ದೆವು. ಕಾಯಿಯ ಸಿಪ್ಪೆ ಗುಡ್ಡವಾಗುತ್ತಿತ್ತು, ಹರಿದ ನೀಲಿ ಬಟ್ಟೆ ಕೆರೆಯಾಗುತ್ತಿತ್ತು. ಒಂದು ಕಡೆ ರಾಕ್ಷಸರು, ಇನ್ನೊಂದು ಕಡೆ ಹಕ್ಕಿಮೋರೆಯ ಸೈನಿಕರು. ಬೆರಳುದ್ದದ ಆಳುಗಳು. ಕವಡೆ ಬಿಟ್ಟು, ಗಂಟು ಹಾಕಿದ ತೆಂಗಿನ ಹುರಿಯಿಂದ ದೂರ ಅಳೆದು ಸೇನೆಯನ್ನು ಮುಂದಕ್ಕೆ ನಡೆಸುವುದು. ಈ ಆಟವನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಾವೇ ಕಟ್ಟಿಕೊಂಡದ್ದು. ಮಂಡಿಯ ಹಮಾಲರು ನಗುತ್ತಿದ್ದರು. "ಮೀಸೆ ಬಂದ್ರೂ ಬೊಂಬೆ ಆಟ ಬುಡ್ಲಿಲ್ವಲ್ರೋ! ಹೆಣ್ಣು ಕೊಡೋರು ಬಂದ್ರೆ ಇವನ್ನೇ ತೋರ್ಸಿ" ಎನ್ನುತ್ತಿದ್ದರು. ನಕ್ಕವರೇ ಊಟದ ಹೊತ್ತಿನಲ್ಲಿ ಬಂದು ಯಾರು ಗೆದ್ದರು ಎಂದು ಕೇಳುತ್ತಿದ್ದರು.

ತೆಂಗಿನ ಗರಿಯ ಬುಡದ ಮಟ್ಟೆ ಒಣಗಿದ ಮೇಲೆ ಚಾಕುವಿಗೆ ಚೆನ್ನಾಗಿ ಬಗ್ಗುತ್ತದೆ. ಅದರಲ್ಲಿ ಕೆತ್ತುವವನು ನಾನು. ಕೊಂಬು, ಗದೆ, ಕೋರೆಹಲ್ಲು ಎಲ್ಲ ನನ್ನ ಕೆಲಸ. ಕಾಲಡಿಗೆ ಚಿಪ್ಪಿನ ಚೂರು ಅಂಟಿಸಿ ಅವನ ಕೈಗೆ ಕೊಡುತ್ತಿದ್ದೆ. ಗಾಡಿಗೆ ಬಳಿದು ಉಳಿದ ಬಣ್ಣಗಳನ್ನು ಅವನು ಅವರಿವರಿಂದ ಕೇಳಿ ತರುತ್ತಿದ್ದ. ಮೊದಲು ಮೈಗೆಲ್ಲ ಕಪ್ಪು ಬಳಿದು ಒಣಗಿಸುವುದು, ಅದರ ಮೇಲೆ ಕೆಂಪು, ಹಳದಿ, ಹಸಿರು. ಕೆತ್ತನೆಯ ಸಂದುಗಳಲ್ಲಿ ಕಪ್ಪನ್ನು ಹಾಗೇ ಬಿಟ್ಟರೆ ಅದೇ ನೆರಳಾಗುತ್ತದೆ ಎಂಬುದನ್ನು ಅವನು ತಾನೇ ಕಂಡುಕೊಂಡಿದ್ದ. ಅವನು ಕಣ್ಣು ಬರೆದ ಮೇಲೆ ನಾನು ಕೆತ್ತಿದ ಕಟ್ಟಿಗೆ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.

ಕೊಬ್ಬರಿ ಮುಟ್ಟುವವರ ಕೈಯಲ್ಲಿ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಎಣ್ಣೆ ತಾಗಿದ ಕಡೆ ಬಣ್ಣ ಒಣಗುವುದಿಲ್ಲ. ಹಾಗಾಗಿ ಕುಂಚ ಹಿಡಿಯುವ ಮುಂಚೆ ಅವನು ಸೀಗೇಪುಡಿ ಹಾಕಿ ಮೊಣಕೈವರೆಗೂ ತಿಕ್ಕಿಕೊಳ್ಳುತ್ತಿದ್ದ.

ಒಂದು ದಿನ ಮಂಡಿಗೆ ಬೋರ್ಡು ಬರೆಯಲು ಪೇಟೆಯ ಪೇಂಟರ್ ಒಬ್ಬರು ಬಂದರು. ಸ್ವಂತ ಅಂಗಡಿ ಇದ್ದವರು. ಒಂದು ರಾಕ್ಷಸನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, "ಬಣ್ಣ ಯಾರಪ್ಪ ಹಾಕಿದ್ದು?" ಎಂದರು. ಯಾರು ಕೆತ್ತಿದ್ದು ಎಂದು ಕೇಳಲಿಲ್ಲ. ರಾಜ್ಯೋತ್ಸವಕ್ಕೆ ನಮ್ಮ ಯುವಕ ಸಂಘದ ಕೈಕೆಲಸದ ಪ್ರದರ್ಶನವಿತ್ತು. "ಅಲ್ಲಿಗೆ ಹೊಸದಾಗಿ ಒಂದು ಸೇನೆ ಮಾಡಿ ಇಡು. ಪೂರಾ ಕೆಲಸ ನೋಡ್ತೀನಿ. ಹಿಡಿಸಿದ್ರೆ ನಮ್ಮ ಅಂಗಡಿಗೇ ಬಂದುಬಿಡು" ಎಂದು ಅವನಿಗೆ ಹೇಳಿ ಹೋದರು.

ಅವನು ಆವತ್ತಿನಿಂದ ಬೇರೆ ಮನುಷ್ಯನಾದ. ಮೂಟೆ ಹೊರುವಾಗಲೂ ಗಾಳಿಯಲ್ಲಿ ಬೆರಳಾಡಿಸಿ ಅಕ್ಷರ ಬರೆಯುತ್ತಿದ್ದ. ನಾನು ಕೆತ್ತುತ್ತಲೇ ಇದ್ದೆ. ಅವನು ಹೋದರೆ ಆ ಮಂಡಿಯಲ್ಲಿ ನಾನೊಬ್ಬನೇ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಬರೀ ಹೊಟ್ಟೆಕಿಚ್ಚು. ಅದಕ್ಕೆ ಒಳ್ಳೆಯ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ದೀಪಾವಳಿ ಬಂತು. ಮೊದಲ ದಿನ ಸಂಜೆ ಅತ್ತೆ ಬಚ್ಚಲಲ್ಲಿ ಹಂಡೆ ತೊಳೆದು ನೀರು ತುಂಬುತ್ತಿದ್ದರು. ಅವನು ಹಬ್ಬದ ಸಾಮಾನು ತರಲು ಅಂಗಡಿಗೆ ಹೋಗಿದ್ದ. ಕಪ್ಪು ಬಳಿದ ಹೊಸ ಸೇನೆ ಗೂಡಿನಲ್ಲಿ ಒಣಗಿ ನಿಂತಿತ್ತು. ಮರುದಿನದ ಸ್ನಾನಕ್ಕೆಂದು ಅತ್ತೆ ಬಟ್ಟಲಲ್ಲಿ ಎಣ್ಣೆ ತೆಗೆದಿಟ್ಟಿದ್ದರು. ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ, ಒಂದೊಂದೇ ಆಳಿನ ಮೈಗೆ ತೆಳುವಾಗಿ ಸವರಿದೆ. ಕಪ್ಪು ಮೊದಲೇ ಹೊಳೆಯುತ್ತಿತ್ತು. ವ್ಯತ್ಯಾಸ ಕಾಣಲಿಲ್ಲ.

ಬೆಳಿಗ್ಗೆ ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದಾಗ ಅವನು ತಪ್ಪಿಸಿಕೊಂಡು ಹಿತ್ತಿಲಿಗೆ ಓಡಿದ.

"ಇವತ್ತು ಬಣ್ಣ ಹಾಕ್ಬೇಕು ಕಣವ್ವ. ಎಣ್ಣೆ ಬ್ಯಾಡ."

"ಹಬ್ಬದ ದಿನ ಎಣ್ಣೆ ಬ್ಯಾಡ್ವಂತೆ! ನೋಡಪ್ಪ ನಿನ್ನ ಭಾವನ್ನ" ಎಂದು ಅತ್ತೆ ನನ್ನ ಕಡೆ ತಿರುಗಿದರು. "ರಾಕ್ಷಸರ ಜತೆ ಸೇರಿ ಇವನೂ ನರಕಾಸುರನೇ ಆದ."

"ಬಣ್ಣ ಹಿಡಿಯಲ್ಲ ಅಂದ್ರೆ ಕೇಳಲ್ವಲ್ಲ!"

"ಸೀಗೇಪುಡಿ ಹಾಕಿ ಚರ್ಮ ಸುಲಿಯೋ ಹಂಗೆ ತಿಕ್ತೀನಿ ಬಾ. ಒಂದು ತೊಟ್ಟು ಉಳಿದ್ರೆ ನನ್ನ ಕೇಳು."

ಅವನು ಸೋತು ಮಣೆಯ ಮೇಲೆ ಕೂತ. ಅತ್ತೆ ಹಾಡಿಕೊಂಡು ನೆತ್ತಿಗೆ ಎಣ್ಣೆ ತಟ್ಟಿದರು. ಬಿಸಿನೀರು ಹುಯ್ಯುತ್ತಿದ್ದವನು ನಾನು. ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಳುಗಳನ್ನು ತೊಳೆದು ಒರೆಸಿ ಇಡಲು ಸಮಯವೂ ಇತ್ತು. ನಾನು ತಂಬಿಗೆ ತುಂಬಿ ತುಂಬಿ ಹುಯ್ದೆ.

ಆ ದಿನ, ಮರುದಿನ ಅವನು ಬೆನ್ನು ನೆಟ್ಟಗೆ ಮಾಡದೆ ಬಣ್ಣ ಹಾಕಿದ. ನೋಡಲು ಅಂಥ ಸೇನೆ ಮತ್ತೆ ಆಗಲಿಲ್ಲ. ಥಂಡಿಗೆ ಒಣಗುವುದು ನಿಧಾನ ಎಂದುಕೊಂಡ. ಪ್ರದರ್ಶನದ ದಿನ ಮೇಜಿನ ಸುತ್ತ ಜನ ಮುತ್ತಿದರು. ಪೇಂಟರ್ ಬಂದು ಮುಂದಿನ ಸಾಲಿನ ದೊಡ್ಡ ರಾಕ್ಷಸನನ್ನು ಎತ್ತಿಕೊಂಡರು. ರಾಕ್ಷಸನ ಮುಖದ ಹಸಿ ಬಣ್ಣವೆಲ್ಲ ಅವರ ಹೆಬ್ಬೆರಳಿಗೆ ಬಂತು. ಇನ್ನೊಂದನ್ನು ಎತ್ತಿದರು, ಅದೂ ಹಾಗೇ. ಅವರು ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಹೇಳಿದರು: "ಗೆರೆ ಚೆನ್ನಾಗೈತೆ ಕಣಪ್ಪ. ಆದ್ರೆ ಗಿರಾಕಿ ಅಂಗಿಗೆ ನನ್ನ ಬೋರ್ಡು ಮೆತ್ಕೊಂಡ್ರೆ ನಾನೇನು ಹೇಳ್ಲಿ?" ಸುತ್ತಲಿದ್ದವರು ನಕ್ಕರು. ಅವರು ಬೇರೊಬ್ಬನನ್ನು ಅಂಗಡಿಗೆ ಸೇರಿಸಿಕೊಂಡರು ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದವನು ಜಗಲಿಯಲ್ಲಿ ನಿಂತೇ ಅತ್ತೆಗೆ ಅಂದ: "ನಿನ್ನ ಎಣ್ಣೆಯಿಂದ ಹಾಳಾಯ್ತು ಕಣವ್ವ. ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ ನೀನು."

ಅತ್ತೆ ಜಗಳವಾಡುವ ಹೆಂಗಸು. ಆವತ್ತು ಎರಡೂ ಅಂಗೈ ತಿರುಗಿಸಿ ನೋಡಿಕೊಂಡು ಒಳಗೆ ಹೋದರು. ನಾನು ಅವರ ಹಿಂದೆಯೇ ಹೋಗಿ ಊಟಕ್ಕೆ ಕೂತೆ. ಬಡಿಸಿದರು. ಉಂಡೆ.

ಅವನು ಕುಂಚಗಳನ್ನು ಒಲೆಗೆ ಹಾಕಿದ, ಮಂಡಿಯಲ್ಲೇ ಉಳಿದ. ಅದರ ಮುಂದಿನ ಯುಗಾದಿಗೆ ಅತ್ತೆ ಎಣ್ಣೆಯ ಬಟ್ಟಲನ್ನು ಅವನ ಮುಂದಿಟ್ಟು, "ನೀನೇ ಹಚ್ಕೊಳಪ್ಪ" ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಅವನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. "ಬಾರವ್ವ, ಬುಡು ಅದನ್ನ" ಎಂದು ಎಷ್ಟು ಕರೆದರೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಕೆಂಕೆರೆಯ ಹೆಣ್ಣಿನೊಡನೆ ಅವನ ಮದುವೆ ಗೊತ್ತಾಯಿತು. ಎಣ್ಣೆ ಶಾಸ್ತ್ರದ ದಿನ ಮದುಮಗನಿಗೆ ಮೊದಲು ಎಣ್ಣೆ ಮುಟ್ಟಿಸಬೇಕಾದವಳು ತಾಯಿ. ಹೆಂಗಸರು ಹಾಡು ಶುರು ಮಾಡಿದರು. ಅತ್ತೆ ಬಟ್ಟಲನ್ನು ನನ್ನ ಅಮ್ಮನ ಕೈಗಿಟ್ಟು ಹಿಂದಕ್ಕೆ ಸರಿದರು.

"ನೀನೇ ಹಚ್ಚೇ. ನನ್ನ ಕೈ ಬ್ಯಾಡ."

"ಅಯ್ಯೋ, ಹೆತ್ತವಳು ಕಣೇ ನೀನು! ಇದೇನು ಅಪಶಕುನದ ಮಾತು?"

"ಒಂದ್ಸಲ ಇವನ ಬದುಕು ಕೆಡಿಸೈತೆ ಈ ಕೈ. ಇವತ್ತೊಂದು ದಿನ ಬ್ಯಾಡ."

ಹಾಡು ನಿಂತಿತು. ಯಾರೋ ಮತ್ತೆ ಎತ್ತಿಕೊಂಡರು. ನಾನು ಎರಡು ಮಾರು ದೂರದಲ್ಲಿ ಚಪ್ಪರದ ಕಂಬ ಹಿಡಿದು ನಿಂತಿದ್ದೆ.

ಅತ್ತೆ ತೀರಿಕೊಂಡು ಎಷ್ಟೋ ಕಾಲದ ಮೇಲೆ ಅವನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆಂದುಕೊಂಡಿದ್ದೆ. ಅವನು ತೋಟದ ಬದುವಿನ ಮೇಲೆ ಕೂತು, "ನನ್ನದು ಬುಡ್ಲಾ, ಹೆಂಗೋ ಬದುಕ್ದೆ. ಇದನ್ನ ಅವ್ವಂಗೆ ಹೇಳ್ಬೇಕಿತ್ತು ನೀನು" ಎಂದ.

ಅವನಲ್ಲಿ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬರಲ್ಲಿ. ನನ್ನ ತಪ್ಪನ್ನು ತಮ್ಮ ಕೈಯ ತಪ್ಪೆಂದು ನಂಬಿಯೇ ತೀರಿಹೋದ ನನ್ನ ಸೋದರತ್ತೆಯಲ್ಲಿ.