ಬೀರುವಿನಲ್ಲಿದ್ದ ಕಂಪ್ಯೂಟರು ತೋರಿಸಿದ ಪುಟ

ಯಂತ್ರಕ್ಕೆ ದೆವ್ವ ಹಿಡಿಯಿತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ನಂಬಿಕೆ ಬಂತೆಂದಲ್ಲ, ನಗುವ ಮುಖ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ನಾಗಮಂಗಲದಲ್ಲಿ, ಸುತ್ತಲ ಹಳ್ಳಿಗಳ ಹಾಲು ಬಂದು ಸೇರುವ ಕೇಂದ್ರವೊಂದರಲ್ಲಿ ಗುಮಾಸ್ತನಾಗಿದ್ದೆ. ಹಳ್ಳಿಗಳಲ್ಲಿ ಹಾಲು ಅಳೆಯುವವರು ದಿನಕ್ಕೆರಡು ಹೊತ್ತು ಫ್ಯಾಟಿನ, ಅಂದರೆ ಹಾಲಿನ ಕೊಬ್ಬಿನಂಶದ, ಅಂಕಿಯನ್ನು ಫೋನಿನಿಂದಲೇ ಕಳಿಸಲೆಂದು ನಮ್ಮವರಿಗಷ್ಟೇ ಒಂದು ವೆಬ್‌ಸೈಟು ಸಿದ್ಧವಾಯಿತು. ಅದನ್ನು ಮೊದಲು ಪರೀಕ್ಷಿಸುವ ಕೆಲಸ ನನಗೆ ಬಿತ್ತು. ಪಕ್ಕದ ಮೇಜಿನ ಹಳೆಯ ಕಂಪ್ಯೂಟರಿನಲ್ಲಿ ಅದರ ನಕಲು ಇತ್ತು, ಅಸಲು ಹೊರಗಿನ ಯಂತ್ರದಲ್ಲಿ. ಯಾವ ಹೆಸರಿಗೆ ಯಾವ ಯಂತ್ರ ಎಂದು ಬರೆದಿಡುವ ಹೋಸ್ಟ್ಸ್ ಫೈಲು ಎಂಬುದು ನನ್ನ ಕಂಪ್ಯೂಟರಿನಲ್ಲಿತ್ತು; ಅದರಲ್ಲಿ ಒಂದು ಸಾಲು ಬರೆದೆ: ಈ ವೆಬ್‌ಸೈಟಿನ ಹೆಸರು ಕೇಳಿದರೆ ಹೊರಗೆಲ್ಲೂ ಹುಡುಕಬೇಡ, ಆ ಯಂತ್ರಕ್ಕೇ ಹೋಗು ಎಂದು. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು ಅಳಿಸಬೇಕು. ಮುಗಿಯಿತು. ಹಳೆಯ ಯಂತ್ರದ ವೈರುಗಳನ್ನು ನಾನೇ ಸುತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮುಂದಿನ ವಾರ ನನ್ನ ಕಂಪ್ಯೂಟರಿನಲ್ಲಿ ಎಲ್ಲ ಹಳ್ಳಿಗಳ ಅಂಕಿಗಳೂ ಬಂದವು. ಹೊಣಕೆರೆ ಕಡೆಯ ಜಯಮ್ಮನದು ಮಾತ್ರ ಏಳು ದಿನವೂ ಖಾಲಿ. ಹತ್ತು ವರ್ಷದಿಂದ ಹಾಲು ಅಳೆಯುತ್ತಿದ್ದ ಹೆಂಗಸು. ಕರೆಸಿದೆವು.

"ದ್ಯಾವ್ರಾಣೆ ಕಳ್ಸಿವ್ನಿ ಸಾ, ಎರಡೊತ್ತೂ ಕಳ್ಸಿವ್ನಿ. ನಿಮ್ ಕಂಪ್ಯೂಟ್ರನ್ನೇ ಒಸಿ ನೋಡ್ಬುಡಿ" ಎಂದಳು.

"ಅಕ್ಕೋ, ಫೋನ್ನೇ ಕ್ಯಾನ್‌ಗೆ ಅದ್ದಿ ಫ್ಯಾಟು ನೋಡ್ಬುಟ್ಟಾ?" ಎಂದ ಹಾಲಿನ ವ್ಯಾನು ಓಡಿಸುವ ನಿಂಗೇಗೌಡ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ದಿನಚರಿ ತೆಗೆದು ತೋರಿಸಿದೆ. 'ಸಾಲು ಅಳಿಸಿದೆ' ಎಂದು ನನ್ನದೇ ಅಕ್ಷರ. "ನಮ್ಮ ಕಡೆ ಎಲ್ಲ ಸರಿಯಾಗಿದೆ ಕಣಮ್ಮ" ಎಂದೆ. ಅಂದೇ ಅವಳನ್ನು ಕೆಲಸದಿಂದ ತೆಗೆದರು.

ಮೂರನೆಯ ದಿನ ಮಧ್ಯಾಹ್ನ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅದೇ ಪುಟ ಕಣ್ಣಿಗೆ ಬಿತ್ತು. ಜಯಮ್ಮನ ಏಳು ದಿನದ ಹದಿನಾಲ್ಕು ಅಂಕಿಗಳೂ ಅಲ್ಲಿದ್ದವು. ನನ್ನದರಲ್ಲಿ ಆಗಲೂ ಖಾಲಿಯೇ. ಹೋಸ್ಟ್ಸ್ ಫೈಲು ತೆರೆದೆ. ಆ ಸಾಲು ಹಾಗೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ, ಅಂದು ಮಾಡಬೇಕಾದ ಕೆಲಸವನ್ನು ಮಾಡಿದೆ ಎಂದೇ ಬರೆದಿಡುವುದು ನನ್ನ ಹಳೆಯ ಅಭ್ಯಾಸ.

ಆದರೆ ಆ ಸಾಲು ತೋರಿಸುತ್ತಿದ್ದ ಯಂತ್ರ ಬೀರುವಿನಲ್ಲಿತ್ತು. ಹೋಗಿ ಬೀಗ ತೆಗೆದೆ. ಸುತ್ತಿದ ವೈರು ಸುತ್ತಿದಂತೆಯೇ, ಮೇಲೆ ಧೂಳು. ಮತ್ತೆ ನನ್ನ ಕಂಪ್ಯೂಟರಿಗೆ ಬಂದು ಪುಟ ತೆರೆದರೆ, ಅಂದು ಬೆಳಿಗ್ಗೆ ಬಂದ ಉಳಿದ ಹಳ್ಳಿಗಳ ಅಂಕಿಗಳೂ ಸರಿಯಾಗಿಯೇ ಇದ್ದವು. ಸಾಲನ್ನು ಅಳಿಸಿದೆ. ಜಯಮ್ಮನ ಅಂಕಿಗಳು ಬಂದವು. ಪರೀಕ್ಷಿಸಲೆಂದು ಮತ್ತೆ ಬರೆದೆ. ಪುಟ ತೆರೆಯಲೇ ಇಲ್ಲ. ಆ ಯಂತ್ರವೇ ಆರಿರುವಾಗ ತೆರೆಯಬಾರದು ತಾನೇ? ಹಾಗಾದರೆ ಅಷ್ಟು ದಿನ ತೆರೆದದ್ದು ಹೇಗೆ?

ಕಂಪ್ಯೂಟರು ತಿಳಿದವರನ್ನು ಕೇಳಿದೆ. ಒಮ್ಮೆ ತೆರೆದ ಹಳೆಯ ಪುಟ ಕಂಪ್ಯೂಟರಿನಲ್ಲೇ ಉಳಿದುಕೊಂಡಿರುತ್ತದೆ ಎಂದರು. ಹಳೆಯ ಪುಟಕ್ಕೆ ಅಂದಿನ ಅಂಕಿ ಎಲ್ಲಿಂದ ಬಂತು ಎಂದರೆ, ಒಮ್ಮೆ ಆರಿಸಿ ಮತ್ತೆ ಹಾಕಿ ನೋಡು ಎಂದರು.

ಮೇಲಿನವರಿಗೆ ನಾನು ಬರೆದುಕೊಟ್ಟದ್ದು 'ಯಂತ್ರದ ದೋಷ' ಎಂದು. ಜಯಮ್ಮನನ್ನು ಮರಳಿ ಕರೆದುಬಾ ಎಂದು ನಿಂಗೇಗೌಡನನ್ನು ಕಳಿಸಿದೆವು. ಅವನು ಒಬ್ಬನೇ ಬಂದ. "ಮಿಸನ್ ತಪ್ಪು ಅಂದ್ರೆ ಮಿಸನ್ನೇ ಬಂದು ಕರೀಲಿ ಅಂತಾವ್ಳೆ ಸಾ" ಎಂದ. ಈ ಸಲ ಯಾರೂ ನಗಲಿಲ್ಲ.

ಈ ಕತೆ ಕೇಳಿದವರೆಲ್ಲ ಬೀರುವಿನ ಯಂತ್ರದ ಬಗ್ಗೆಯೇ ಕೇಳುತ್ತಾರೆ. ನನಗೆ ಇಂದಿಗೂ ಗೊತ್ತಿಲ್ಲ. 'ಜಯಮ್ಮನ ಮನೆಗೆ ಹೋಗಿಬಂದೆ' ಎಂದು ಎಷ್ಟೋ ಬೆಳಿಗ್ಗೆ ದಿನಚರಿಯಲ್ಲಿ ಬರೆದಿದ್ದೇನೆ. ಸಂಜೆ ಹೊಡೆದುಹಾಕಿದ್ದೇನೆ.