ಮಷಿನ್ನಿನಲ್ಲಿಲ್ಲದ ಜೋಡಹುಣಸಿ

ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರ್. ಇಷ್ಟಕ್ಕೊಂದು ಪ್ರವಾಸ ಕಥನವೇ ಎಂದು ನೀವು ನಗಬಹುದು. ನಗಿ. ನಾನು ಮಾತ್ರ ನಗುವ ಸ್ಥಿತಿಯಲ್ಲಿಲ್ಲ. ಹೋಗಿಬಂದು ಎರಡು ದಿನವಾದರೂ ಸಿಟ್ಟು ಇಳಿದಿಲ್ಲ.

ನನ್ನ ಸೋದರತ್ತೆ ನೀಲವ್ವ ಮೊಣಕಾಲಿನ ಆಪರೇಶನ್ ಮುಗಿಸಿಕೊಂಡು ಬೆಳಗಾವಿಯ ಅನಗೋಳದ ನಮ್ಮ ಮನೆಯಲ್ಲಿದ್ದಳು. ಎಮ್ಮೆ, ಹೊಲ, ಮೊಮ್ಮಗಳು ಎಂದು ದಿನವಿಡೀ ಜಪಿಸುತ್ತಿದ್ದವಳನ್ನು ಊರು ಮುಟ್ಟಿಸಲು ನಾನೇ ಹೊರಟೆ. ಡಾಕ್ಟರದು ಒಂದೇ ಷರತ್ತು: ವಾರಕ್ಕೊಮ್ಮೆ ಬಂದು ಕಾಲು ಮಡಚಿಸಿಕೊಂಡು ಹೋಗಬೇಕು, ತಪ್ಪಿದರೆ ಮೊಣಕಾಲು ಸೆಟೆದು ಹಾಗೇ ನಿಂತುಬಿಡುತ್ತದೆ. ಅತ್ತೆ ಅವರಿಗೆ ಧೈರ್ಯ ಹೇಳಿದ್ದಳು: "ಬರತೀನ್ರಿ ಡಾಕ್ಟರ. ಬಸ್ಸ ನಮ್ಮ ಮನಿ ಮುಂದನ ನಿಂದರತೈತಿ."

ಮನೆ ಮುಂದೆ ಎಂದರೆ ಜೋಡಹುಣಸಿ. ಟೋಲ್ ನಾಕಾ ದಾಟಿದ ಮೇಲೆ ರಸ್ತೆಯ ಈ ಬದಿಗೊಂದು ಆ ಬದಿಗೊಂದು ಹುಣಸೆಮರ ಇದ್ದವು, ಅದಕ್ಕೇ ಆ ಹೆಸರು. ರಸ್ತೆ ಅಗಲ ಮಾಡುವಾಗ ಎರಡನ್ನೂ ಕಡಿದರು. ಮರ ಹೋದರೂ ಹೆಸರು ಉಳಿದಿತ್ತು, ಬಸ್ಸೂ ನಿಲ್ಲುತ್ತಿತ್ತು.

ಬಸ್ ನಿಲ್ದಾಣ ಈಗ ನೋಡಲು ಚೆಂದವಿದೆ. ಹೊಳೆಯುವ ನೆಲ, ಓಡುವ ಅಕ್ಷರದ ಬೋರ್ಡು, ಯಾರಿಗೂ ತಿಳಿಯದ ಹಾಗೆ ಊರಿನ ಹೆಸರು ಕೂಗುವ ಸ್ಪೀಕರು. ಬಿಸಿಲು ಆಗಲೇ ಏರಿತ್ತು. ಖಾನಾಪುರದ ಬಸ್ಸಿನಲ್ಲಿ ಅತ್ತೆಯನ್ನು ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸಿ, ಇಬ್ಬರ ಆಧಾರ್ ಕಾರ್ಡೂ ಹಿಡಿದುಕೊಂಡು ಕುಳಿತೆ. ಹೆಂಗಸರಿಗೆ ಪ್ರಯಾಣ ಉಚಿತ, ಆದರೂ ಸೊನ್ನೆ ರೂಪಾಯಿಯ ಟಿಕೆಟ್ ಪಡೆಯಲೇಬೇಕು.

"ಜೋಡಹುಣಸಿ ಎರಡು" ಎಂದೆ. ಕಂಡಕ್ಟರ್ ಹೊಸ ಮಷಿನ್ನಿನ ಮೇಲೆ ಬೆರಳಾಡಿಸಿದ. ಮೇಲೆ ಹೋದ, ಕೆಳಗೆ ಬಂದ.

"ಅಕ್ಕಾರ, ಆ ಸ್ಟಾಪ್ ಮಷಿನ್ನಾಗ ಇಲ್ರಿ. ತಗದಾರ."

"ಊರ ಐತೆಲ್ಲಪಾ?"

"ಊರ ಇರಬಹುದ್ರಿ. ಮಷಿನ್ನಾಗ ಇಲ್ಲ."

ಹಿಂದಿನ ಸೀಟಿನಲ್ಲಿದ್ದ ರುಮಾಲಿನ ಅಜ್ಜ ನಮ್ಮ ಪರವಾಗಿ ಮರಾಠಿಯಲ್ಲಿ ವಾದಿಸಿದ. ಕಂಡಕ್ಟರ್ ಅವನಿಗೆ ಮರಾಠಿಯಲ್ಲೇ "ಮಶೀನ್‌ಮಧೇ ನಾಹೀ" ಎಂದ. ಎರಡು ಭಾಷೆಯಲ್ಲೂ ಊರು ಇರಲಿಲ್ಲ. ಮುಂದಿನ ಕ್ರಾಸಿಗೆ ಎರಡು ಟಿಕೆಟ್ ಬಂದವು.

ಮಚ್ಛೆ ದಾಟಿತು. ಟೋಲ್ ನಾಕಾ ಬಂತು. ಬಸ್ಸಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಗೇಟು ತಾನೇ ಓದಿಕೊಂಡು ಅಡ್ಡಕಂಬಿ ಎತ್ತಿ ದಾರಿ ಬಿಟ್ಟಿತು. ಗಾಜಿನ ಮೇಲಿನ ಚೀಟಿಗೆ ಇರುವ ಗುರುತು ಹುಟ್ಟಿ ಬೆಳೆದ ಮನುಷ್ಯರಿಗೆ ಇಲ್ಲ.

ಅತ್ತೆ ಕಂಬಿ ಹಿಡಿದು ಎದ್ದಳು. "ತಮ್ಮಾ, ಕಾಲ ಆಪರೇಶನ್ ಆಗೈತಿ. ಒಂದ್ ಚೂರ ನಿಂದರಸೋ."

"ನಿಂದರಸಿದ್ರ ನನಗ ಮೆಮೋ ಬರತೈತಿ ಯವ್ವಾ. ಬಸ್ಸ ಎಲ್ಲೆಲ್ಲಿ ನಿಂತಿತ್ತಂತ ಡಿಪೋದವರಿಗೆ ಕುಂತಲ್ಲೇ ಗೊತ್ತಾಗತೈತಿ." ಹುಡುಗ ಕೆಟ್ಟವನಲ್ಲ. ಹೇಳುವಾಗ ಅವನ ಮುಖ ಸಣ್ಣದಾಗಿತ್ತು. ಅವನ ಮುಖ ಸಣ್ಣದಾದರೆ ಅತ್ತೆಯ ಕಾಲಿಗೇನು ಬಂತು?

ಕ್ರಾಸಿನಲ್ಲಿ ಇಳಿದು, ಬಂದ ದಾರಿಯಲ್ಲೇ ಎರಡು ಕಿಲೋಮೀಟರ್ ಹಿಂದಕ್ಕೆ ನಡೆದೆವು. ನೆರಳಿಗೆ ಒಂದು ಮರವಿಲ್ಲ. ಅತ್ತೆ ಹತ್ತು ಹೆಜ್ಜೆ ಇಡುವಳು, ನಿಲ್ಲುವಳು, ಕೋಲಿನ ಮೇಲೆ ಭಾರ ಬಿಟ್ಟು ಉಸಿರೆಳೆಯುವಳು. ಸರಕಾರ ಹೆಂಗಸರಿಗೆ ಪುಕ್ಕಟೆ ಬಸ್ಸು ಕೊಟ್ಟಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಮಷಿನ್ನು ಅದನ್ನು ಎರಡು ಕಿಲೋಮೀಟರ್ ಆಚೆ ಇಟ್ಟಿತು.

ಮನೆಯಲ್ಲಿ ಅತ್ತೆಯ ಸೊಸೆ ರೊಟ್ಟಿ, ಝುಣಕ, ಗಟ್ಟಿ ಮೊಸರು ಬಡಿಸಿದಳು. ಅತ್ತೆ ಊದಿದ ಕಾಲು ಚಾಚಿ ಗೋಡೆಗೆ ಒರಗಿದಳು.

"ಶೈಲಾ, ಮುಂದಿನ ವಾರ ನಾ ಬರೂದಿಲ್ಲವಾ. ಕಾಲ ಮಡಚಾಕ ಹೋಗಿ ಕಾಲ ಮುರಕೊಂಡ ಬರೂದೇನ?"

ನಾನು ತಾಟು ಸರಿಸಿ ಎದ್ದೆ. "ಖಾನಾಪುರಕ್ಕ ಹೋಗಿ ಕೇಳಿ ಬರತೀನಿ ಅತ್ತಿ. ಸಂಜೀ ಮುಂದ ರಸ್ತಾಕ್ಕ ಬಂದು ಬೆಳಗಾವಿ ಬಸ್ಸಿಗೆ ಕೈ ಮಾಡು. ನಾ ಒಳಗ ಇರತೀನಿ, ನಿಂದರಸತೀನಿ. ಬಸ್ಸ ನಿಂತಿದ್ದ ನೀನ ನೋಡಿದ್ರ ಮುಂದಿನ ವಾರ ಧೈರ್ಯಲೆ ಬರತಿ" ಎಂದು ಮಾತು ಕೊಟ್ಟು, ಆ ದಾರಿಯಲ್ಲಿ ಹೊರಟಿದ್ದ ಹಾಲಿನ ಟೆಂಪೋ ಹತ್ತಿದೆ.

ಖಾನಾಪುರ ನಿಲ್ದಾಣದ ಕಂಟ್ರೋಲರ್ ಚಹಾ ಕುಡಿಯುತ್ತಿದ್ದರು. "ಕುಂದರ್ರಿ" ಎಂದು ನನಗೂ ಒಂದು ಕಪ್ ತರಿಸಿದರು. ಸಿಟ್ಟಿಗೆದ್ದು ಬಂದವರಿಗೆ ಚಹಾ ಕುಡಿಸಿ ತಣ್ಣಗಾಗಿಸುವ ವಿದ್ಯೆ ಅವರಿಗೆ ಚೆನ್ನಾಗಿ ಒಲಿದಿತ್ತು.

"ಜೋಡಹುಣಸಿಯೊಳಗ ಟಿಕೆಟ್ ಹರಿಯೂದಿಲ್ರಿ ಅಕ್ಕಾರ. ಅದಕ್ಕ ತಗದಾರ" ಎಂದರು. ಟಿಕೆಟ್ ಖರ್ಚಾಗದ ಕಡೆ ಬಸ್ಸು ನಿಲ್ಲುವುದಿಲ್ಲ ಎಂಬುದು ಲೆಕ್ಕ.

"ಇವತ್ತ ನಾವ ಕೇಳಿದ್ವಿ. ಮಷಿನ್ನಾಗ ಊರ ಇಲ್ಲಂದು ಮುಂದಿನ ಕ್ರಾಸಿನ ಟಿಕೆಟ್ ಹರದ್ರು. ಹಿಂಗಾದ್ರ ಆ ಊರಾಗ ಹೆಂಗ ಹರೀತೈತ್ರಿ?"

"ಅದನ್ನ ಹೇಳಾಕತ್ತೀನ್ರಿ. ಹರಿಯೂದಿಲ್ಲ."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅರ್ಜಿ ಕೊಡಿ, ಮೇಲಕ್ಕೆ ಕಳಿಸುತ್ತೇನೆ ಎಂದರು. ಅಲ್ಲೇ ನಿಂತು ಬರೆದುಕೊಟ್ಟೆ. ಅದರ ಮೇಲೆ ಚಹಾದ ಕಪ್ ಇಟ್ಟರು, ಗಾಳಿಗೆ ಹಾರಬಾರದೆಂದು.

ಸಂಜೆಯ ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತೇ ಹೊರಟೆ. ಕ್ರಾಸ್ ದಾಟುತ್ತಲೇ ಈ ಬಸ್ಸಿನ ಕಂಡಕ್ಟರಿಗೆ ಹೇಳಿದೆ: "ಮುಂದ ಜೋಡಹುಣಸಿಯೊಳಗ ನಿಂದರಸ್ರಿ. ಹತ್ತಾವರ ಅದಾರ."

ಅವರು ಮಷಿನ್ನಿನಿಂದ ಕಣ್ಣೆತ್ತಲಿಲ್ಲ. "ಅಲ್ಲಿ ಯಾರೂ ಹತ್ತೂದಿಲ್ರಿ."

"ಹೊರಗ ನೋಡ್ರಿ, ಅಲ್ಲಿ ನಿಂತಾಳ" ಎಂದು ಕಿರುಚಿದೆ. ಮಂದಿಯೆಲ್ಲ ನನ್ನನ್ನು ನೋಡಿದರು, ಕಂಡಕ್ಟರೂ ನನ್ನನ್ನೇ ನೋಡಿದರು. ಕಿಟಕಿಯ ಹೊರಗೆ ಯಾರೂ ನೋಡಲಿಲ್ಲ.

ಮರವಿದ್ದ ಜಾಗದಲ್ಲಿ ಅತ್ತೆ ನಿಂತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಬಸ್ಸಿಗೆ ಅಡ್ಡ. ಬಸ್ಸು ಗೇರು ಕೂಡ ಬದಲಿಸದೆ ಅವಳನ್ನು ದಾಟಿತು. ಮಂದಿಯನ್ನು ತಳ್ಳಿಕೊಂಡು ಹಿಂದಿನ ಗಾಜಿನವರೆಗೆ ಹೋದೆ. ಧೂಳಿನಲ್ಲಿ ಅತ್ತೆ ಸಣ್ಣವಳಾಗುತ್ತಿದ್ದಳು. ಬಸ್ಸಿನೊಳಗೆ ನಾನಿದ್ದೇನೆ, ನಿಲ್ಲಿಸುತ್ತೇನೆ ಎಂದು ನಂಬಿ ಅವಳು ಇನ್ನೂ ಕೈ ಇಳಿಸಿರಲಿಲ್ಲ.